ನೆರೆಗೆ ಮನೆ ಬಿದ್ದವರ ನಾಯಿ, ಬೆಕ್ಕು ಊರಲ್ಲೇ ಉಳಿದಾವ. ಮೊದಲು ಏನು ಮಾಡಬೇಕು?

ಭೀಮಾತೀರ:

ಅಫಜಲಪುರ ತಾಲ್ಲೂಕಿನ ನದಿದಂಡೆಯ ಊರು, ಸೊನ್ನ ಬ್ಯಾರೇಜಿನ ಕೆಳಗಿನ ಭಾಗ. ನೀರು ಹೊಕ್ಕು ಎಂಟು ದಿನ, ಇಳಿದು ನಾಲ್ಕು ದಿನ ಆಯ್ತು. ತಗ್ಗಿನ ಓಣಿಯಲ್ಲಿ 14 ಮನೆ ಬಿದ್ದಿವೆ, ಎಲ್ಲವೂ ಮಣ್ಣಿನ ಗೋಡೆಯ ಮಾಳಿಗೆ ಮನೆ. ಹತ್ತು ಕುಟುಂಬ ಶಾಲೆಯ ಕಾಳಜಿ ಕೇಂದ್ರದಲ್ಲಿವೆ. ಮೂರು ಮನೆಯವರು ಕಲಬುರಗಿಯಲ್ಲಿ ಬೀಗರ ಹತ್ತಿರ ಹೋಗಿದ್ದಾರೆ, ಒಂದು ಕುಟುಂಬ ಪುಣೆಗೆ ದುಡಿಯಲಿಕ್ಕೆ ಹೋಗಿದೆ.

ಎಮ್ಮೆ, ಎತ್ತು, ಆಡುಗಳನ್ನು ಮೊದಲೇ ಹೊಡಕೊಂಡು ಹೋಗಿದ್ದರು. ಉಳಿದದ್ದು ನಾಯಿ, ಬೆಕ್ಕು. ಎಣಿಸಿದ ಪ್ರಕಾರ 11 ನಾಯಿ, 4 ಬೆಕ್ಕು. ನಾಯಿಗಳಲ್ಲಿ ಒಂದು ಮುಧೋಳ ತಳಿಯದು, ಉಳಿದವು ನಾಟಿ. ಬಿದ್ದ ಮನೆಯ ಮಣ್ಣಿನ ದಿಬ್ಬದ ಮೇಲೇ ಕೂತಿವೆ, ಹತ್ತಿರ ಹೋದರೆ ಗುರ್ ಅನ್ನುತ್ತವೆ. ಎರಡು ಭಾಳ ಬಡಕಲಾಗಿವೆ.

ಕೇಳಬೇಕಾದದ್ದು ಇಷ್ಟು. ಏನು ಹಾಕಬೇಕು, ಎಷ್ಟು ಹಾಕಬೇಕು? ಕಚ್ಚಿಸಿಕೊಳ್ಳದೆ ಹಿಡಿಯುವುದು ಹೇಗೆ? ಕಾಳಜಿ ಕೇಂದ್ರದವರು "ನಾಯಿ ತರಬೇಡಿ" ಅಂದಿದ್ದಾರೆ, ಅದಕ್ಕೆ ದಾರಿ ಇದೆಯೇ? ಕೆಲವರು ಕಲಬುರಗಿ ಪೇಟೆಯಲ್ಲಿ ಬಿಟ್ಟು ಬನ್ನಿ ಅಂತಾರೆ, ಕೆಲವರು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಾಕಿ ಬೇಕಾದವರಿಗೆ ಕೊಟ್ಟುಬಿಡಿ ಅಂತಾರೆ.

ಎರಿಭೂಮಿ:

ಪೇಟೆಯಲ್ಲಿ ಬಿಡುವ ಮಾತನ್ನು ಮೊದಲು ಬದಿಗಿಡಿ. ಪ್ರತಿ ಓಣಿಗೂ ಅದರದೇ ನಾಯಿಗಳಿರುತ್ತವೆ, ಹೊಸದಾಗಿ ಬಂದ ನಾಯಿಯನ್ನು ಮೊದಲ ರಾತ್ರಿಯೇ ಸುತ್ತುಗಟ್ಟಿ ಕಡಿಯುತ್ತವೆ. ಓಡಿ ತಪ್ಪಿಸಿಕೊಂಡದ್ದು ಹೆದ್ದಾರಿಗೆ ಬೀಳುತ್ತದೆ. ಇವು ದಿಕ್ಕಿಲ್ಲದ ನಾಯಿಗಳಲ್ಲ. ಹತ್ತು ಮನೆಯವರು ಒಂದೆರಡು ಕಿಲೊಮೀಟರ್ ದೂರದ ಶಾಲೆಯಲ್ಲೇ ಇದ್ದಾರೆ. ಮನೆ ಮತ್ತೆ ಎದ್ದು ನಿಲ್ಲುವ ತನಕ ಅವನ್ನು ಬದುಕಿಸಿ ಮನೆಯವರ ಕೈಗೆ ಒಪ್ಪಿಸುವುದು ನಿಮ್ಮ ಮುಂದಿರುವ ಕೆಲಸ.

ಊಟದ ವಿಷಯಕ್ಕೆ ಬರ್ತೀನಿ, ಒಳ್ಳೆ ಮನಸ್ಸಿನಿಂದಲೇ ಹೆಚ್ಚು ಅನಾಹುತ ಆಗುವುದು ಇಲ್ಲಿ. ಐದಾರು ದಿನ ಏನೂ ತಿನ್ನದ ನಾಯಿಗೆ ಒಂದೇ ಸಲ ಬುಟ್ಟಿ ಅನ್ನ ಹಾಕಬೇಡಿ. ಅಷ್ಟು ದಿನ ಅದರ ಮೈ ತನ್ನದೇ ಕೊಬ್ಬು, ಮಾಂಸ ಕರಗಿಸಿ ಬದುಕಿರುತ್ತದೆ. ಒಮ್ಮೆಲೇ ಅನ್ನ, ರೊಟ್ಟಿಯ ಪಿಷ್ಟ ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಏರುತ್ತದೆ. ಆಗ ರಕ್ತದಲ್ಲಿರುವ ಅಷ್ಟಿಷ್ಟು ರಂಜಕ (ಫಾಸ್ಫರಸ್), ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಜೀವಕೋಶದೊಳಗೆ ಸೇರಿಬಿಡುತ್ತದೆ. ಎರಡು-ಮೂರು ದಿನದ ಮೇಲೆ ಕಾಲು ಬಿದ್ದುಹೋಗುತ್ತದೆ, ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ, ಹೃದಯವೂ ನಿಲ್ಲಬಹುದು. "ಹೊಟ್ಟೆ ತುಂಬ ಉಂಡ ಮೇಲೆ ಸತ್ತಿತು" ಅಂತ ಜನ ಹೇಳುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ.

ಬೆನ್ನೆಲುಬು, ಸೊಂಟದ ಮೂಳೆ ಕಣ್ಣಿಗೆ ಕಾಣುವ ಎರಡು ನಾಯಿಗಳಿಗೆ ಲೆಕ್ಕ ಹೀಗೆ. ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿದರೆ ಸುಮ್ಮನೆ ಮಲಗಿದ ನಾಯಿಗೆ ದಿನಕ್ಕೆ ಬೇಕಾದ ಕ್ಯಾಲೊರಿ ಸಿಗುತ್ತದೆ. 15 ಕೆ.ಜಿ. ನಾಯಿಗೆ 520. ಮೊದಲ ದಿನ ಅದರ ಕಾಲು ಭಾಗ, ಅಂದರೆ ಒಂದು ಬೇಯಿಸಿದ ಮೊಟ್ಟೆ ಮತ್ತು 40 ಗ್ರಾಂ ಎಲುಬಿಲ್ಲದ ಬೇಯಿಸಿದ ಕೋಳಿ, ಇಡೀ ದಿನಕ್ಕೆ ಇಷ್ಟೇ. ಅದನ್ನೂ ನಾಲ್ಕೈದು ಸಲ ಪಾಲು ಮಾಡಿ. ಎರಡನೇ ದಿನ ಇದರ ಎರಡರಷ್ಟು, ಮೂರನೇ ದಿನ ಮೂರರಷ್ಟು. ನಾಲ್ಕನೇ ದಿನದಿಂದ ಪೂರ್ತಿ 520, ಆಗ ಜೋಳದ ನುಚ್ಚು ಅಥವಾ ಅನ್ನ ಸ್ವಲ್ಪ ಸೇರಿಸಬಹುದು. ಅದು ಬಾಲ ಆಡಿಸುತ್ತ ಇನ್ನೂ ಬೇಡುತ್ತದೆ, ನೋಡಲಿಕ್ಕೆ ಆಗುವುದಿಲ್ಲ. ಆದರೂ ಹೆಚ್ಚು ಹಾಕದೆ ಕೈ ಬಿಗಿ ಹಿಡಿಯಿರಿ.

ಉಳಿದ ಒಂಬತ್ತು ಅಲ್ಲಿ ಇಲ್ಲಿ ಏನೋ ತಿಂದುಕೊಂಡಿರಬಹುದು. ಅವಕ್ಕೆ ಮೊದಲ ಎರಡು ದಿನ ಅರ್ಧ ಹೊಟ್ಟೆ, ಆಮೇಲೆ ಪೂರ್ತಿ. ಆರೋಗ್ಯದಲ್ಲಿರುವ 15 ಕೆ.ಜಿ. ನಾಯಿಗೆ ದಿನಕ್ಕೆ 850ರಿಂದ 950 ಕ್ಯಾಲೊರಿ ಬೇಕು. ಒಣ ನುಚ್ಚು 150 ಗ್ರಾಂ ಮತ್ತು ಕೋಳಿ ಅಂಗಡಿಯ ಚರ್ಮ, ಕುತ್ತಿಗೆ, ಕಾಲು 200 ಗ್ರಾಂ ಸೇರಿದರೆ ಅಷ್ಟಾಗುತ್ತದೆ. 11 ನಾಯಿಗೆ ದಿನಕ್ಕೆ ಒಂದು ಮುಕ್ಕಾಲು ಕೆ.ಜಿ. ನುಚ್ಚು, ಎರಡು ಕಾಲು ಕೆ.ಜಿ. ಕೋಳಿ. ಕಾಲು, ಕುತ್ತಿಗೆಯನ್ನು ಕುಕ್ಕರಿನಲ್ಲಿ ಮುಕ್ಕಾಲು ತಾಸು ಬೇಯಿಸಿ, ಎಲುಬು ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಹಾಗೆ ಆಗದ ಎಲುಬನ್ನು ಆರಿಸಿ ಬಿಸಾಡಿ. ಅರೆಬೆಂದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಕೋಳಿ ಸಿಗದ ದಿನ ತೊಗರಿ ನುಚ್ಚನ್ನು ಜೋಳದ ಜೊತೆ ಮೆತ್ತಗೆ ಬೇಯಿಸಿ ಮೊಟ್ಟೆ ಒಡೆದು ಹಾಕಿ, ನಮ್ಮ ಕಡೆ ತೊಗರಿಗೆ ಬರವಿಲ್ಲ.

ಕಾಳಜಿ ಕೇಂದ್ರದ ಅಡುಗೆ ಉಳಿದರೆ ತರ್ತೀವಿ ಅಂತ ಹೊರಡಬೇಡಿ. ಪಲಾವ್, ಸಾರಿನಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಇರುತ್ತದೆ. ಅದು ನಾಯಿ-ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತದೆ, ಬೆಕ್ಕಿಗಂತೂ ಸ್ವಲ್ಪವೇ ಸಾಕು. ಒಗ್ಗರಣೆ ಬೀಳುವ ಮೊದಲೇ ಒಂದು ಡಬರಿ ಬರಿ ಅನ್ನ ತೆಗೆದಿಡಿ ಅಂತ ಅಡುಗೆಯವರಿಗೆ ಹೇಳಿ.

ನೀರು ಕೆ.ಜಿ. ತೂಕಕ್ಕೆ 50–60 ಮಿ.ಲೀ., ಅಂದರೆ 15 ಕೆ.ಜಿ. ನಾಯಿಗೆ ಮುಕ್ಕಾಲರಿಂದ ಒಂದು ಲೀಟರ್. ಸುತ್ತ ನೀರು ನಿಂತಿದ್ದರೂ ಇದನ್ನು ಬೇರೆ ಇಡಬೇಕು. ನಿಂತ ನೀರಿನಲ್ಲಿ ಇಲಿ ಮೂತ್ರ, ಸತ್ತ ಪ್ರಾಣಿ, ಹೊಲದ ಔಷಧ ಎಲ್ಲ ಬೆರೆತಿರುತ್ತದೆ. ಟ್ಯಾಂಕರ್ ನೀರನ್ನೇ ಅಗಲ ಬಾಯಿಯ ಮಣ್ಣಿನ ಪರಾತದಲ್ಲಿ ಇಡಿ, ದಿನಕ್ಕೆ ಎರಡು ಸಲ ಚೆಲ್ಲಿ ತುಂಬಿ.

ಬೆಕ್ಕಿನದು ಬೇರೆ ಕಥೆ, ಮತ್ತು ಹೆಚ್ಚು ಅವಸರದ್ದು. ಎರಡು-ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ (ಲಿವರಿಗೆ) ಬಂದು ತುಂಬುತ್ತದೆ, ಆಮೇಲೆ ಊಟ ಮುಂದಿಟ್ಟರೂ ಬೆಕ್ಕು ತಿನ್ನುವುದಿಲ್ಲ. ದುಂಡಗಿದ್ದ ಬೆಕ್ಕಿಗೇ ಇದು ಬೇಗ ಬರುವುದು. ಬರಿ ಹಾಲು ಇಟ್ಟು ಬರಬೇಡಿ, ಭೇದಿ ಹತ್ತುತ್ತದೆ. ಮುಳ್ಳು ತೆಗೆದ ಬೇಯಿಸಿದ ಮೀನು ಇಲ್ಲವೇ ಕೋಳಿಯನ್ನು ಅಂಗೈಯಷ್ಟು ಬೆಚ್ಚಗೆ ಮಾಡಿ ಇಡಿ. ಬೆಕ್ಕು ವಾಸನೆ ಹಿಡಿದು ತಿನ್ನುವ ಪ್ರಾಣಿ, ತಣ್ಣಗಿದ್ದರೆ ಮೂಸಿ ನೋಡಿ ಹೋಗಿಬಿಡುತ್ತದೆ. ಹೊತ್ತು ಮುಳುಗುವ ಸಮಯಕ್ಕೆ ಹೋಗಿ. ಹಗಲಲ್ಲಿ ಅವು ಉಳಿದ ಜಂತಿ, ತೊಲೆಯ ಸಂದಿಯಿಂದ ಇಳಿಯುವುದಿಲ್ಲ.

ಹಳೇಗಂಜ್:

ಹಿಡಿಯೂದರ ಬಗ್ಗೆ ನಾ ಹೇಳ್ತೀನ್ರಿ.

ಮೊದ್ಲ ಮಾತು, ಬಿದ್ದ ಮನಿ ಒಳಗ ಹೊಕ್ಕಬ್ಯಾಡ್ರಿ. ಮಣ್ಣಿನ ಗ್ವಾಡಿ ನೀರು ಇಳದ ಮ್ಯಾಲೂ ಬೀಳ್ತಾವ. ಬುಡ ನೆನದು ಮೆತ್ತಗ ಆಗಿರ್ತದ, ಮ್ಯಾಲ ಮಾಳಗಿ ಮಣ್ಣು ನೀರು ಕುಡದು ಭಾರ ಆಗಿರ್ತದ. ಬಿಸಲು ಬಿದ್ದು ಒಂದ್ ಕಡಿ ಒಣಗಿ ಬಿರಕ ಬಿಟ್ಟಿತಂದ್ರ ಒಂದ ಸಲಕ್ಕ ಕುಸೀತದ. ನಾಯಿ ಒಳಗ ಇದ್ರ ಹೊರಗ ಕರೀರಿ, ನೀವು ಹೋಗಬ್ಯಾಡ್ರಿ. ಮಣ್ಣ ಕೆಳಗ ಸಿಕ್ಕಿ ಬಿದ್ದದ ಅಂದ್ರ ಅಗ್ನಿಶಾಮಕದವ್ರಿಗೆ ಹೇಳ್ರಿ, ಅಥವಾ ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕ ಫೋನ್ ಹಚ್ಚರಿ. ಕರೆಂಟ್ ವಾಯರ್ ಬಿದ್ದಿದ್ರ ಜೆಸ್ಕಾಂದವ್ರು ಲೈನ್ ಬಂದ್ ಮಾಡೀವಿ ಅನ್ನೂ ತನಕ ಆ ಓಣಿಗೆ ಕಾಲಿಡಬ್ಯಾಡ್ರಿ.

ನಾಯಿ ಗುರ್ ಅಂತದ ಅಂದ್ರ ಅದು ಮನಿ ಕಾಯ್ಲಿಕತ್ತದ. ಮನಿ ಬಿದ್ರೂ ಅದಕ್ಕ ಅದು ಮನಿನೇ. ಬೆನ್ನು ಹತ್ತಬ್ಯಾಡ್ರಿ. ಒಮ್ಮೆ ಓಡಿಸಿದ್ರಿ ಅಂದ್ರ ಮುಂದ ನಾಕ ದಿನ ಹತ್ರ ಬರಾಂಗಿಲ್ಲ, ಹಿಂಡ ಕಟ್ಟಿಕೊಂಡು ಹೊಲಕ್ಕ ಹೋಗಿಬಿಡ್ತಾವ. ದಿನಾ ಅದ ಹೊತ್ತಿಗೆ, ಅದ ಜಾಗಕ್ಕ, ಅದ ಇಬ್ಬರ ಹೋಗ್ರಿ. ಒಂದ್ ಬದಿ ತಿರಗಿ ಕೂಡ್ರಿ, ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ್ರಿ. ಮೊದಲ ದಿನ 10 ಮೀಟರ್ ದೂರ ಊಟ ಇಡ್ರಿ, ದಿನಾ ಒಂದ್ ಎರಡ್ ಮೀಟರ್ ಹತ್ರ ತರ್ರಿ.

ಎಲ್ಲಕ್ಕಿಂತ ಚಲೋ ಉಪಾಯ ಅಂದ್ರ ಮನಿಯವ್ರ. ಕಾಳಜಿ ಕೇಂದ್ರದಿಂದ ಆ ಮನಿ ಹೆಣ್ಮಗಳನ್ನೋ ಹುಡುಗನ್ನೋ ಕರಕೊಂಡು ಬರ್ರಿ, ಯಾರ ಕೈಯಿಂದ ದಿನಾ ರೊಟ್ಟಿ ತಿಂತಿತ್ತೋ ಅವ್ರನ್ನ. ಎರಡ್ ನಿಮಿಷದಾಗ ಬರ್ತದ. ಪುಣೆಗೆ ಹೋದವ್ರು ಬರ್ಲಿಕ್ಕ ಆಗಾಂಗಿಲ್ಲಲ್ಲ, ಅವ್ರಿಗೆ ಊಟಕ್ಕ ಕರಿಯೂ ದನಿ ರೆಕಾರ್ಡ್ ಮಾಡಿ ಕಳಸ್ರಿ ಅಂತ ಹೇಳ್ರಿ, ಊಟ ಇಡೂ ಮುಂದ ಫೋನಿನಾಗ ಹಚ್ಚರಿ. ಕಿವಿ ನಿಮರಿಸಿ ಆಕಡಿ ಈಕಡಿ ನೋಡಿ ಹತ್ರ ಬರ್ತದ.

ಹಗ್ಗ ಹತ್ತೀದು ಇರ್ಲಿ, ಕಿರಿಬೆರಳ ದಪ್ಪ, ಎರಡ್ ಮೀಟರ್ ಉದ್ದ. ನೈಲಾನ್ ಕುತ್ತಿಗಿ ಕೊಯ್ತದ, ಕೈನೂ ಕೊಯ್ತದ. ಒಂದ್ ತುದಿಗೆ ಸಣ್ಣ ಕುಣಿಕಿ, ಅದರಾಗಿಂದ ಇನ್ನೊಂದ್ ತುದಿ ತೂರ್ಸಿ ದೊಡ್ಡ ಉರುಲು ಮಾಡ್ರಿ. ಉರುಲಿನ ನಡಕ ಊಟದ ತಟ್ಟಿ ಇಡ್ರಿ, ತಲಿ ಹಾಕಿದಾಗ ಸಾವಕಾಶ ಮ್ಯಾಲ ಎಳೀರಿ. ಬಿಗಿ ಆದ ಕೂಡ್ಲೆ ಉರುಲಿನ ಹಿಂದ ಒಂದ್ ಗಂಟ ಹಾಕ್ರಿ, ಇಲ್ಲಾಂದ್ರ ಎಳದಾಡಿ ಉಸರು ಕಟ್ತದ.

ಬಾಯಿ ಕಟ್ಟೂದಿದ್ರ ಹಳೆ ಸೀರಿ ಪಟ್ಟಿ ಸಾಕು, ಎರಡ್ ಬೆರಳ ಅಗಲ, ಒಂದ್ ಮೀಟರ್ ಉದ್ದ. ಮೂತಿ ಮ್ಯಾಲ ಒಂದ್ ಸುತ್ತ, ದವಡಿ ಕೆಳಗ ಒಂದ್ ಅಡ್ಡ, ಕಿವಿ ಹಿಂದ ಬಿಚ್ಚೂ ಗಂಟ. ಐದ್ ನಿಮಿಷಕ್ಕಿಂತ ಹೆಚ್ಚು ಬಿಡಬ್ಯಾಡ್ರಿ. ನಾಯಿ ನಮ್ಮಂಗ ಮೈ ತುಂಬ ಬೆವರಾಂಗಿಲ್ಲ, ಬಾಯಿ ತಗದು ತೇಕಿನ ಮೈ ತಣ್ಣಗ ಮಾಡಿಕೊಳ್ತದ. ವಾಂತಿ ಮಾಡೂ ನಾಯಿಗೆ ಕಟ್ಟಲೇಬ್ಯಾಡ್ರಿ, ವಾಂತಿ ಪುಪ್ಪುಸಕ್ಕ ಹೋಗ್ತದ.

ಬೆಕ್ಕಿಗೆ ಗಂಜ್‌ನಾಗ (ಮಾರ್ಕೆಟ್‌ನಾಗ) ಸಿಗೂ ಟೊಮೆಟೊ ಕ್ರೇಟ್ ಎರಡ್ ತಗೊಳ್ರಿ. ಒಂದರ ಬಾಯಿಗೆ ಇನ್ನೊಂದರ ಬಾಯಿ ಕೂಡಿಸಿ ಆರ್ ಕಡಿ ಕೇಬಲ್ ಟೈ ಹಾಕಿದ್ರ ಪಂಜರ ಆಯ್ತು, ಗಾಳಿನೂ ಆಡ್ತದ. ಕೆಳಗ ಗೋಣಿಚೀಲ, ಮ್ಯಾಲ ಕತ್ತಲಿಗೆ ಒಂದ್ ಬಟ್ಟಿ ಹೊಚ್ಚರಿ. ಬೆಕ್ಕನ್ನ ಬರಿಗೈಲೆ ಹಿಡೀಬ್ಯಾಡ್ರಿ. ದಪ್ಪ ಟವೆಲ್ ಮ್ಯಾಲ ಹಾಕಿ ನಾಕೂ ಕಾಲು ಒಳಗ ಬರೂಹಂಗ ಸುತ್ತಿ ಎತ್ರಿ.

ಕಚ್ಚಿದ್ರ ಅಥವಾ ಪರಚಿದ್ರ ಸಾಬೂನು ಹಚ್ಚಿ ಹರಿಯೂ ನೀರಾಗ 15 ನಿಮಿಷ, ಗಡಿಯಾರ ನೋಡಿ ತೊಳೀರಿ. ಖಾರಪುಡಿ, ಸುಣ್ಣ ಏನೂ ಹಚ್ಚಬ್ಯಾಡ್ರಿ. ಅವತ್ತ ಸರ್ಕಾರಿ ದವಾಖಾನಿಗೆ ಹೋಗ್ರಿ. ಚರ್ಮಕ್ಕ ಕೊಡೂ ಹುಚ್ಚುನಾಯಿ ರೋಗದ ಇಂಜೆಕ್ಷನ್ 0, 3, 7, 28ನೇ ದಿನ. ರಕ್ತ ಬಂದಿದ್ರ ಗಾಯಕ್ಕ ಸೀರಮ್ ಬೇರೆ ಕೊಡಬೇಕಾಗ್ತದ, ಅದನ್ನ ಕೇಳೂದು ಮರೀಬ್ಯಾಡ್ರಿ. "ಸಾಕಿದ ನಾಯಿ, ಏನಾಗಾಂಗಿಲ್ಲ" ಅಂತ ಕೂಡಬ್ಯಾಡ್ರಿ.

ಕಾಗಿಣಾದಂಡೆ:

ಕೇಂದ್ರದವರು ಬೇಡ ಅನ್ನುವುದಕ್ಕೆ ಕಾರಣ ಇರುತ್ತದೆ: ಮಕ್ಕಳಿಗೆ ಕಚ್ಚಬಹುದು, ಹೊಲಸು, ಉಣ್ಣಿ, ರಾತ್ರಿ ಬೊಗಳುವುದು. ಈ ನಾಲ್ಕಕ್ಕೂ ಉತ್ತರ ಕೈಯಲ್ಲಿ ಹಿಡಿದು ಹೋದರೆ ಮಾತು ನಡೆಯುತ್ತದೆ. "ಒಳಗೆ ಬಿಡಿ" ಅಂತ ಕೇಳಬೇಡಿ. ಶಾಲೆಯ ಕಂಪೌಂಡಿನ ಹೊರಗೆ, ಅಡುಗೆ ಮತ್ತು ನೀರಿನ ಜಾಗದಿಂದ 30 ಮೀಟರ್ ಆಚೆ, ಗಾಳಿ ಬೀಸುವ ಕೆಳದಿಕ್ಕಿನಲ್ಲಿ ಒಂದು ಹುಣಸೆ ಮರದ ನೆರಳು ಕೇಳಿ. ಪಿಡಿಒ ಮತ್ತು ಗ್ರಾಮ ಆಡಳಿತ ಅಧಿಕಾರಿಗೆ ಒಂದು ಪುಟದ ಅರ್ಜಿ, ಅದರಲ್ಲಿ ಎಷ್ಟು ಪ್ರಾಣಿ, ಯಾರ ಮನೆಯವು, ಉಸ್ತುವಾರಿ ಯಾರದು, ಮೂರೇ ಸಾಲು. ಪ್ರತಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ಆ ಜಾಗದಲ್ಲಿ ಗೂಟಕ್ಕೂ ಗೂಟಕ್ಕೂ 5 ಮೀಟರ್ ಅಂತರ, ಸರಪಳಿ ಒಂದೂವರೆ ಮೀಟರ್. ಒಂದರ ಬಾಯಿ ಇನ್ನೊಂದಕ್ಕೆ ಎಟುಕಬಾರದು. ಸರಪಳಿಗೆ ತಿರುಗುವ ಕೊಂಡಿ ಇರಲಿ, ಇಲ್ಲದಿದ್ದರೆ ಗೂಟ ಸುತ್ತಿ ಸುತ್ತಿ ಕುತ್ತಿಗೆ ಬಿಗಿಯುತ್ತದೆ. ಎರಿ ಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ಗೂಟ ನಿಲ್ಲುವುದಿಲ್ಲ, ಕನಿಷ್ಠ ಎರಡು ಅಡಿ ಆಳ ಹೊಡೆಯಿರಿ. ಮೇಲೆ ತಾಡಪತ್ರಿ, ಸುತ್ತ ಗೇಣುದ್ದದ ಕಾಲುವೆ, ಮಲಗಲಿಕ್ಕೆ ಒಂದೊಂದು ಶಹಾಬಾದ್ ಕಲ್ಲು ಇಟ್ಟು ಅದರ ಮೇಲೆ ಗೋಣಿ. ಕೆಸರಿನ ಮೇಲೆ ಮಲಗಿದರೆ ಮೊಣಕೈ, ಹೊಟ್ಟೆಯ ಚರ್ಮ ಕೊಳೆಯುತ್ತದೆ. ಸಗಣಿಗುಂಡಿಯ ಹಾಗೆ ಎರಡು ಅಡಿ ಗುಂಡಿ ತೋಡಿ ಹೊಲಸನ್ನು ದಿನಕ್ಕೆ ಎರಡು ಸಲ ಅದರಲ್ಲಿ ಹಾಕಿ ಮಣ್ಣು ಮುಚ್ಚಿ. ಹೆಣ್ಣು-ಗಂಡು ಬೇರೆ ಬೇರೆ ಬದಿಗೆ. ಈಗ ಎಚ್ಚರ ತಪ್ಪಿದರೆ 63 ದಿನಕ್ಕೆ ಮರಿ, ಆಗ ಇನ್ನೂ ಮನೆ ಎದ್ದಿರುವುದಿಲ್ಲ.

ಪ್ರತಿಯೊಂದಕ್ಕೂ ಒಂದು ಹಾಳೆ ಮಾಡಿ: ಎಡ, ಬಲ, ಮುಂದಿನಿಂದ ಮೂರು ಫೋಟೊ, ಸಿಕ್ಕ ಜಾಗ, ದಿನ, ಮನೆಯವರ ಹೆಸರು, ಫೋನು. ಮೈಕ್ರೊಚಿಪ್ ಒಳ್ಳೆಯದೇ, ಆದರೆ ಓದುವ ಯಂತ್ರ ಇಲ್ಲದ ಊರಲ್ಲಿ ಅದರಿಂದ ಇವತ್ತು ಉಪಯೋಗವಿಲ್ಲ. ಕ್ಯಾನ್ವಾಸ್ ಪಟ್ಟಿಯ ಮೇಲೆ ಅಳಿಸದ ಮಾರ್ಕರಿನಲ್ಲಿ ಫೋನ್ ನಂಬರ್ ಬರೆದು ಕುತ್ತಿಗೆಗೆ ಹೊಲಿಯಿರಿ, ಎರಡು ಬೆರಳು ತೂರುವಷ್ಟು ಸಡಿಲ ಇರಲಿ.

ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದಾದರೆ ಒಂದೇ ಫೋಟೊ ಹಾಕಿ, ಒಂದು ಗುರುತನ್ನು ಮುಚ್ಚಿಡಿ. ಹೊಟ್ಟೆಯ ಬಿಳಿ ಚುಕ್ಕೆಯೋ, ತುಂಡಾದ ಉಗುರೋ, ಯಾವುದಾದರೂ ಆದೀತು. ಕೇಳಿಕೊಂಡು ಬಂದವರು ಆ ಗುರುತನ್ನು ಹೇಳಬೇಕು. ಮುಧೋಳ ನಾಯಿಗಂತೂ "ನಮ್ಮದೇ" ಅನ್ನುವವರು ಮೂರು ಊರಿನಿಂದ ಬರುತ್ತಾರೆ. ಬೇಟೆಗೆ, ಮಾರಾಟಕ್ಕೆ ಅದಕ್ಕೆ ಗಿರಾಕಿ ಇದ್ದಾರೆ. ಮೂರೂ ಬದಿಯ ಫೋಟೊ ಹಾಕಿದರೆ ಗುರುತು ನೀವೇ ಹೇಳಿಕೊಟ್ಟಂತೆ.

ಮನೆಯವರ ಸಹಿ ಇಲ್ಲದೆ ಯಾರಿಗೂ ಕೊಟ್ಟುಬಿಡಬೇಡಿ. ನಾಯಿ ಕಾನೂನಿನ ಕಣ್ಣಲ್ಲಿ ಇನ್ನೂ ಅವರ ಸ್ವತ್ತು. ಇನ್ನೊಂದು, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಪ್ರಾಣಿಯನ್ನು ಹಸಿವೆಗೆ ಬಿಟ್ಟುಹೋಗುವುದು ಅಪರಾಧ ಅಂತ ಇದೆ, ಅದನ್ನು ತೋರಿಸಿ ಈ ಜನರನ್ನು ಹೆದರಿಸುವವರು ಸಿಗುತ್ತಾರೆ. ಅದೇ ಕಲಮಿನಲ್ಲಿ "ಸಕಾರಣವಿಲ್ಲದೆ" ಅನ್ನುವ ಮಾತೂ ಇದೆ. ರಾತ್ರಿ ನೀರು ಹೊಕ್ಕಾಗ ಮಕ್ಕಳನ್ನು ಎತ್ತಿಕೊಂಡು ಓಡಿದವರಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಹೆದರಿಸಿದರೆ "ಆ ನಾಯಿ ನಮ್ಮದಲ್ಲ" ಅಂದುಬಿಡುತ್ತಾರೆ, ಅಲ್ಲಿಗೆ ನಂಟು ಕಡಿಯಿತು.

ಪರಿಹಾರದ ಬಗ್ಗೆಯೂ ಗೊತ್ತಿರಲಿ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022–26ರ ದರದಲ್ಲಿ ಸತ್ತ ಆಕಳು, ಎಮ್ಮೆಗೆ 37,500, ಎತ್ತಿಗೆ 32,000, ಕರುವಿಗೆ 20,000, ಕುರಿ-ಆಡಿಗೆ 4,000, ಕೋಳಿಗೆ 100 ರೂಪಾಯಿ ಇತ್ತು. ನಾಯಿ, ಬೆಕ್ಕು ಆ ಪಟ್ಟಿಯಲ್ಲಿಲ್ಲ, ಅವುಗಳ ಮೇವಿನ ಖರ್ಚೂ ಇಲ್ಲ. ಹಾಗಾಗಿ ಸರ್ಕಾರದಿಂದ ಸಿಗುವ ಸಹಾಯ ಅಂದರೆ ಪಶುಸಂಗೋಪನಾ ಇಲಾಖೆಯ ವೈದ್ಯರು ಮತ್ತು 1962ಕ್ಕೆ ಕರೆದರೆ ಬರುವ ಪಶು ಆಂಬುಲೆನ್ಸ್. ಸತ್ತ ದನದ ಪಂಚನಾಮೆಗೆ ವೈದ್ಯರು ಹೇಗೂ ಊರಿಗೆ ಬರುತ್ತಾರೆ, ಅದೇ ದಿನ ನಾಯಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿಕೊಳ್ಳಿ.

ಭೀಮಾತೀರ:

ಎಲ್ಲರಿಗೂ ಶರಣು. ಹುಣಸೆ ಮರದ ಜಾಗ ಕೊಟ್ಟಿದ್ದಾರೆ, ಮನೆಯವರನ್ನು ಕರೆಸಿದ ಮೇಲೆ ಏಳು ನಾಯಿ, ಎರಡು ಬೆಕ್ಕು ಬಂದಿವೆ.

ಈಗ ಮೂರು ತೊಡಕು. ಒಂದು ಹೆಣ್ಣುನಾಯಿ ಬಿದ್ದ ಗೋಡೆಯ ಸಂದಿಯಲ್ಲಿ ಮರಿ ಹಾಕಿದೆ, ಐದು ಮರಿ ಇರಬಹುದು, ಹತ್ತಿರ ಬಿಡುತ್ತಿಲ್ಲ. ಬಂದ ನಾಯಿಗಳಲ್ಲಿ ಒಂದರ ಕಣ್ಣು ಹಳದಿ ಆಗಿದೆ, ನೀರು ಕುಡಿದದ್ದನ್ನೂ ಕಾರುತ್ತದೆ. ಎಲ್ಲವುಗಳ ಕಾಲಿನ ಬೆರಳ ಸಂದಿಯಲ್ಲಿ ಮಣ್ಣು ಕಲ್ಲಾಗಿ ಕೂತಿದೆ, ಕುಂಟುತ್ತಿವೆ.

ಕಾರಂಜಾ:

ಹಳದಿ ಕಣ್ಣಿನದನ್ನು ಈ ಕ್ಷಣವೇ ಉಳಿದವುಗಳಿಂದ ದೂರ ಕಟ್ಟಿ. ನೆರೆಯ ನಂತರ ಹಳದಿ ಮತ್ತು ವಾಂತಿ ಜೊತೆಗೆ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಲಿ ಮೂತ್ರದಿಂದ ನೀರಿಗೆ, ನೀರಿನಿಂದ ನಾಯಿಗೆ, ನಾಯಿಯ ಮೂತ್ರದಿಂದ ಮನುಷ್ಯರಿಗೆ ಬರುತ್ತದೆ. ಗಾಯವಾದ ಚರ್ಮ, ಕಣ್ಣು, ಬಾಯಿ ಇದ್ದರೆ ಸಾಕು, ಕಚ್ಚಬೇಕಿಲ್ಲ. ಒಬ್ಬರೇ ಅದನ್ನು ನೋಡಿಕೊಳ್ಳಲಿ, ರಬ್ಬರ್ ಗ್ಲೌಸ್ ಮತ್ತು ಗಂಬೂಟು ಹಾಕಿಕೊಂಡು. ಮೂತ್ರ ಮಾಡಿದ ಜಾಗಕ್ಕೆ ಬ್ಲೀಚಿಂಗ್ ನೀರು: ಲೀಟರಿಗೆ 7 ಗ್ರಾಂ, 10 ಲೀಟರ್ ಬಕೆಟ್ಟಿಗೆ 70 ಗ್ರಾಂ ಪುಡಿ. ಮೊದಲು ಮಣ್ಣು, ಹೊಲಸು ಕೆರೆದು ತೆಗೆದು ಆಮೇಲೆ ಹಾಕಿ 10 ನಿಮಿಷ ಬಿಡಿ. ಕೆಸರಿನ ಮೇಲೇ ಸುರಿದರೆ ಕ್ಲೋರಿನ್ ಎಲ್ಲ ಕೆಸರಿಗೇ ಖರ್ಚಾಗುತ್ತದೆ. ಇದೇ ಅಳತೆ ರಕ್ತಭೇದಿಯ ಪಾರ್ವೊ ವೈರಾಣುವಿಗೂ ಆಗುತ್ತದೆ, ಅದಕ್ಕೆ ಡೆಟಾಲ್ ತಾಗುವುದಿಲ್ಲ.

ಆ ನಾಯಿಗೆ ಬೇಕಾದದ್ದು ಸಲೈನ್ ಮತ್ತು ಆ್ಯಂಟಿಬಯೋಟಿಕ್, ಎರಡೂ ವೈದ್ಯರ ಕೈಯಿಂದ, ಇವತ್ತೇ. ಪಿತ್ತಜನಕಾಂಗದ ಜೊತೆ ಮೂತ್ರಪಿಂಡವೂ ಹೋಗುತ್ತಿರುತ್ತದೆ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆ ವ್ಯವಸ್ಥೆ ಇಲ್ಲದಿದ್ದರೆ ಬೀದರ್ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ದೂರ ಆಗುತ್ತದೆ ನಿಜ. ಆದ್ದರಿಂದ ಮೊದಲು ಹತ್ತಿರದಲ್ಲಿ ಸಲೈನ್ ಹಾಕಿಸಿ, ಆಮೇಲೆ ಒಯ್ಯುವ ಮಾತು. ಇವುಗಳನ್ನು ಮುಟ್ಟಿದ ಯಾರಿಗಾದರೂ ಮುಂದಿನ ಒಂದು ತಿಂಗಳಲ್ಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ ಡಾಕ್ಟರಿಗೆ "ನೆರೆ ನೀರಿನಲ್ಲಿ, ನಾಯಿಗಳ ಜೊತೆ ಕೆಲಸ ಮಾಡಿದ್ದೆ" ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮಾಮೂಲಿ ಜ್ವರದ ಗುಳಿಗೆ ಕೊಟ್ಟು ಕಳಿಸುತ್ತಾರೆ.

ಗುಳಿಗೆ ಅಂದಾಗ ಇದನ್ನೂ ಬರೆದುಬಿಡುತ್ತೇನೆ. ಮೈ ಬಿಸಿ ಇದೆ ಅಂತ ಮನುಷ್ಯರ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಬೆಕ್ಕು ಇಟ್ಟ ಜಾಗಕ್ಕೆ ಫಿನಾಯಿಲ್ ಬೇಡ, ಪಂಜದಿಂದ ನೆಕ್ಕಿಕೊಂಡು ವಿಷವೇರುತ್ತದೆ. ದನಕ್ಕೆ ಹಚ್ಚುವ ಉಣ್ಣಿ ಔಷಧ, ಅಂದರೆ ಡೆಲ್ಟಾಮೆತ್ರಿನ್, ಸೈಪರ್‌ಮೆತ್ರಿನ್, ಅಮಿಟ್ರಾಜ್, ಬೆಕ್ಕಿನ ಹತ್ತಿರವೂ ಸುಳಿಯಬಾರದು. ಗಾಯದಲ್ಲಿ ಹುಳ ಬಿದ್ದಿದ್ದರೆ ಸೀಮೆಎಣ್ಣೆ, ಪೆಟ್ರೋಲ್ ಸುರಿಯುವ ರೂಢಿ ನಮ್ಮ ಕಡೆ ಇನ್ನೂ ಇದೆ. ಹುಳ ಸಾಯುತ್ತದೆ, ಜೊತೆಗೆ ಜೀವಂತ ಮಾಂಸವೂ ಸುಡುತ್ತದೆ. ಚಿಮುಟದಿಂದ ಒಂದೊಂದೇ ತೆಗೆದು, ಉಪ್ಪುನೀರಿನಲ್ಲಿ ತೊಳೆದು, ವೈದ್ಯರು ಕೊಡುವ ಸ್ಪ್ರೇ ಹೊಡೆಯಿರಿ. ಮರುದಿನ ಮತ್ತೆ ನೋಡಬೇಕು, ಒಂದೇ ಸಲಕ್ಕೆ ಎಲ್ಲ ಹೊರಗೆ ಬರುವುದಿಲ್ಲ.

ಕಾಲಿನ ಮಣ್ಣನ್ನು ಕೀಳಬೇಡಿ. ನಮ್ಮ ಎರಿ ಮಣ್ಣು ಒಣಗುವಾಗ ಕುಗ್ಗುತ್ತದೆ, ಕುಗ್ಗುವಾಗ ಬೆರಳ ನಡುವಿನ ಕೂದಲನ್ನು ಹಿಡಿದುಕೊಂಡೇ ಗಟ್ಟಿಯಾಗುತ್ತದೆ. ಕಿತ್ತರೆ ಕೂದಲ ಜೊತೆ ಚರ್ಮ ಬರುತ್ತದೆ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಉಪ್ಪು ಹಾಕಿ, ಒಂದು ಕಾಲನ್ನು 10 ನಿಮಿಷ ಅದ್ದಿ ಹಿಡಿಯಿರಿ. ಅಂಚಿನಿಂದ ಮಣ್ಣು ಜಾರಿ ನೀರು ಕರಿ ಕಷಾಯದಂತೆ ಆಗುತ್ತದೆ. ಆಗ ಬೆರಳ ಸಂದಿಗೆ ಹೆಬ್ಬೆರಳು ಹಾಕಿ ಮೆಲ್ಲಗೆ ಉಜ್ಜಿ. ಒಳಗೆ ಗಾಜು, ಜಾಲಿಮುಳ್ಳು ಇದೆಯೇ ನೋಡಿ. ಕೊನೆಗೆ ಒಣ ಬಟ್ಟೆಯಿಂದ ಪೂರ್ತಿ ಒರೆಸುವುದೇ ಮುಖ್ಯ. ಒದ್ದೆ ಉಳಿದರೆ ಮೂರು ದಿನಕ್ಕೆ ಕೆಟ್ಟ ವಾಸನೆ, ಕೀವು.

ಮರಿ ಹಾಕಿದ ತಾಯಿಯ ಹತ್ತಿರ ಗೋಡೆ ಅಗೆಯಲು ಹೋಗಬೇಡಿ, ಮರಿಯನ್ನು ಕೈ ಹಾಕಿ ಎಳೆಯಲೂಬೇಡಿ. ಅವಳೇ ಸ್ಥಳ ಬದಲಿಸುವಂತೆ ಮಾಡಬಹುದು. ಐದಾರು ಮೀಟರ್ ದೂರದಲ್ಲಿ, ಕುಸಿಯುವ ಗೋಡೆ ಇಲ್ಲದ ಕಡೆ, ನಾಲ್ಕು ಇಟ್ಟಿಗೆಯ ಮೇಲೆ ಒಂದು ಪರ್ಸಿ (ಚಪ್ಪಡಿ) ಕಲ್ಲು, ಅದರ ಮೇಲೆ ಒಣ ಗೋಣಿ, ಮೂರು ಬದಿಗೆ ಮರೆ, ಮೇಲೆ ತಗಡು. ಊಟ, ನೀರು ಅಲ್ಲೇ ಇಡಿ. ಹಾಲೂಡಿಸುವ ತಾಯಿಗೆ ಮಾಮೂಲಿಗಿಂತ ಎರಡು-ಮೂರು ಪಟ್ಟು ಬೇಕು, ಆದರೆ ಬಡಕಲಾಗಿದ್ದರೆ ಎರಿಭೂಮಿ ಹೇಳಿದ ಹಾಗೆ ಏರಿಸುತ್ತ ಹೋಗಿ. ಸುತ್ತ ಗದ್ದಲ ಇಲ್ಲದಿದ್ದರೆ ಒಂದೆರಡು ರಾತ್ರಿಯಲ್ಲಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿ ತಂದು ಇಡುತ್ತಾಳೆ. ಗೋಡೆ ಇನ್ನೂ ಬೀಳುವಂತಿದ್ದರೆ ಮಾತ್ರ ಅಗ್ನಿಶಾಮಕದವರ ಸಹಾಯ ಕೇಳಿ, ಮನೆಯವರನ್ನು ಮುಂದೆ ಇಟ್ಟುಕೊಂಡು ತೆಗೆಸಿ.

ಮರಿ ತಣ್ಣಗಾಗಿ ಸಿಕ್ಕರೆ ಬಾಯಿಗೆ ಹಾಲು ಹಾಕುವುದೇ ಮೊದಲ ತಪ್ಪು. ಮೈ ತಣ್ಣಗಿದ್ದಾಗ ಕರುಳು ಕೆಲಸ ಮಾಡುವುದಿಲ್ಲ, ಹಾಲು ಉಸಿರ ನಾಳಕ್ಕೂ ಹೋಗುತ್ತದೆ. ಬಾಟಲಿಗೆ ಬೆಚ್ಚಗಿನ ನೀರು ತುಂಬಿ ಬಟ್ಟೆ ಸುತ್ತಿ ಅದರ ಪಕ್ಕದಲ್ಲಿ ಮಲಗಿಸಿ, ಅರ್ಧದಿಂದ ಒಂದು ತಾಸು ಸಾವಕಾಶ ಬೆಚ್ಚಗಾಗಲಿ. ಮರಿ ತಾನೇ ಮೂತಿ ಆಡಿಸಿ ಹುಡುಕಲು ಶುರು ಮಾಡಿದ ಮೇಲೆ ತಾಯಿಯ ಮೊಲೆಗೆ ಹಚ್ಚಿ. ಕಣ್ಣು ಮುಚ್ಚಿದ್ದರೆ ಎರಡು ವಾರದೊಳಗಿನವು, ಮುಂದಿನ ಹಲ್ಲು ಮೂಡಿದ್ದರೆ ಮೂರು ವಾರ ದಾಟಿವೆ ಅಂತ ಲೆಕ್ಕ ಹಿಡಿಯಬಹುದು. ಎಂಟು ವಾರದ ಮೊದಲು ಯಾರು ಬೇಡಿದರೂ ತಾಯಿಯಿಂದ ಬಿಡಿಸಬೇಡಿ.

ಕಾಗಿಣಾದಂಡೆ:

ಕಲಬುರಗಿಗೆ ಮತ್ತು ಪುಣೆಗೆ ಹೋದವರ ನಾಯಿಗಳ ಮಾತು ಉಳಿಯಿತು. ಕಲಬುರಗಿಯಲ್ಲಿ ಬೀಗರ ಹತ್ತಿರ ಇರುವವರಿಗೆ ಆ ಮನೆಯವರು ನಾಯಿ ಬೇಡ ಅಂದಿರುತ್ತಾರೆ, ಬಹಳ ಸಲ ಕಾರಣ ಅಷ್ಟೇ. ಅದಕ್ಕೆ ತಾತ್ಕಾಲಿಕ ಆಸರೆ ಕೊಡುವ ಮನೆ ಹುಡುಕಿ, ಅದೇ ಊರಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಹಾಳೆಯ ಒಪ್ಪಂದ ಬರೆಯಿರಿ: ಇದು ಸಾಕಲಿಕ್ಕೆ ಕೊಟ್ಟದ್ದಲ್ಲ, ನೋಡಿಕೊಳ್ಳಲಿಕ್ಕೆ ಕೊಟ್ಟದ್ದು, ಎಷ್ಟು ದಿನ, ಊಟದ ಖರ್ಚು ಯಾರದು, ರೋಗ ಬಂದರೆ ಎಷ್ಟು ರೂಪಾಯಿ ತನಕ ಕೇಳದೆ ಖರ್ಚು ಮಾಡಬಹುದು, ಮರಿ ಹುಟ್ಟಿದರೆ ಯಾರ ಜವಾಬ್ದಾರಿ. 60 ದಿನ ಅಂತ ಬರೆದು ನವೀಕರಿಸುವುದು ಒಳ್ಳೆಯದು. "ಮನೆ ಆಗುವ ತನಕ" ಅಂತ ಬರೆದರೆ ಎರಡೂ ಕಡೆ ಬೇಸರ ಬರುತ್ತದೆ. ವಾರಕ್ಕೊಂದು ಫೋಟೊ ಮನೆಯವರಿಗೆ ಹೋಗಲಿ. ಅದು ನಿಂತರೆ ಫೋನ್ ಎತ್ತುವುದೂ ನಿಲ್ಲುತ್ತದೆ.

ಊರನ್ನೇ ಎತ್ತರಕ್ಕೆ ಸ್ಥಳಾಂತರಿಸಿದರೆ ಇನ್ನೊಂದು ತೊಂದರೆ ಬರುತ್ತದೆ, 2009ರ ನೆರೆಯ ನಂತರ ಕಟ್ಟಿದ ಆಸರೆ ಕಾಲೊನಿಗಳಂಥ ಕಡೆ ಇದು ಮಾಮೂಲು. ಮನೆಯವರು ಹೊಸ ಮನೆಗೆ ಕರೆದೊಯ್ದರೂ ನಾಯಿ ರಾತ್ರಿ ಹಳೆ ಊರಿಗೆ ಓಡಿಬರುತ್ತದೆ. ನಾಯಿಯನ್ನು 10–14 ದಿನ ಹೊಸ ಮನೆಯ ಬಾಗಿಲಲ್ಲಿ ಕಟ್ಟಿ ಅಲ್ಲೇ ಊಟ ಹಾಕಬೇಕು, ಬೆಕ್ಕನ್ನು ಮೂರು-ನಾಲ್ಕು ವಾರ ಒಳಗೇ ಇಡಬೇಕು. ಹಳೆ ಮನೆಯ ಹಾಸು, ಹಳೆ ತಟ್ಟೆ ಜೊತೆಗೆ ಒಯ್ಯಲಿ.

ಪುಣೆಗೆ ರೈಲಿನಲ್ಲಿ ಕಳಿಸಬೇಕೆಂದರೆ ನಾಯಿಗೆ ಎರಡೇ ದಾರಿ: ಫಸ್ಟ್ ಎಸಿಯಲ್ಲಿ ಇಡೀ ಕೂಪೆ (ಬಾಗಿಲಿರುವ ಸಣ್ಣ ಕೋಣೆ) ಹಿಡಿಯುವುದು, ಇಲ್ಲವೇ ಗಾರ್ಡಿನ ಬ್ರೇಕ್‌ವ್ಯಾನಿನ ಡಾಗ್ ಬಾಕ್ಸ್. ಬಡ ಕುಟುಂಬಕ್ಕೆ ಉಳಿಯುವುದು ಎರಡನೆಯದೇ. ಅದು ಕಬ್ಬಿಣದ ಪೆಟ್ಟಿಗೆ, ಕಿಟಕಿ ಇಲ್ಲ. ಕಲಬುರಗಿ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮೂರು ತಾಸು ಮೊದಲೇ ಇರಬೇಕು, ಅದೇ ಗಾಡಿಗೆ ಜೊತೆ ಹೋಗುವವರ ಟಿಕೆಟ್, ಲಸಿಕೆ ಚೀಟಿ, ವೈದ್ಯರ ಪ್ರಮಾಣಪತ್ರ ಕೈಯಲ್ಲಿರಲಿ. ರಾತ್ರಿ ಗಾಡಿಯನ್ನೇ ಆರಿಸಿ. ಹೊರಡುವ ಆರು ತಾಸು ಮೊದಲು ಊಟ ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಸೋಲಾಪುರದಲ್ಲಿ ಗಾಡಿ ನಿಂತಾಗ ಒಬ್ಬರು ಇಳಿದು ಹೋಗಿ ನೀರು ಕುಡಿಸಬೇಕು.

ಆದರೆ ಪುಣೆಯಲ್ಲಿ ಅವರು ಕಟ್ಟಡದ ಕೆಲಸದ ಶೆಡ್ಡಿನಲ್ಲಿದ್ದರೆ ಕಳಿಸುವ ಮಾತೇ ಬೇಡ, ಇಲ್ಲೇ ಇರಲಿ. ಅಲ್ಲಿಂದ ಯಾರಾದರೂ ಊರಿಗೆ ಬರುವವರಿದ್ದರೆ ಮನೆಯೊಡೆಯ ಉಟ್ಟುಬಿಟ್ಟ ಒಂದು ಅಂಗಿ ಕಳಿಸಲಿಕ್ಕೆ ಹೇಳಿ, ತೊಳೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ. ಅದನ್ನು ಆ ನಾಯಿಯ ಗೋಣಿಯ ಮೇಲೆ ಹಾಸಿ.